ಡಾಂಬರು ಕಾಂಟ್ರಾಕ್ಟರನ ಕಲ್ಲು ರಸ್ತೆ

ಚನ್ನಗಿರಿಯ ಗುರುಬಸವರಾಜ್ ವಾರದಲ್ಲಿ ಆರು ದಿನ ರಸ್ತೆಗೆ ಡಾಂಬರು ಹಾಕಿಸುತ್ತಾನೆ. ಏಳನೇ ದಿನ ಡಾಂಬರಿಲ್ಲದ ರಸ್ತೆ ಹುಡುಕಿಕೊಂಡು ಬೈಕು ಹತ್ತುತ್ತಾನೆ. ಇದರಲ್ಲಿ ನಗುವಂಥದ್ದು ಏನಿದೆ ಎಂದು ಅವನಿಗೆ ಇವತ್ತಿಗೂ ಗೊತ್ತಾಗಿಲ್ಲ. "ಬೇಕರಿಯೋನು ಮನೇಲೂ ಬನ್ನೇ ತಿಂತಾನೇನೋ?" ಎಂದು ನನ್ನನ್ನೇ ತಿರುಗಿ ಕೇಳುತ್ತಾನೆ.

ನಾನು ಪ್ರಸನ್ನಕುಮಾರ್. ಹೊನ್ನಾಳಿಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದೇನೆ. ಗುರು ನನ್ನ ಕಾಲೇಜಿನ ಗೆಳೆಯ. ಆಗಿನಿಂದಲೂ ಅವನ ಹಿಂದಿನ ಸೀಟಿನಲ್ಲಿ ಕೂತು ಬೈಸಿಕೊಂಡವನಾದ್ದರಿಂದ ಅವನ ಬಗ್ಗೆ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಅವನ ಮನೆಯವರು ಮೂರು ತಲೆಮಾರಿನಿಂದ ಅಡಿಕೆ ಬೆಳೆದವರು. ಇವನು ತೋಟವನ್ನು ಅಣ್ಣನಿಗೆ ಬಿಟ್ಟು, ಒಂದು ಹಳೇ ಟ್ರ್ಯಾಕ್ಟರ್ ತಂದು ರಸ್ತೆ ಕೆಲಸಕ್ಕೆ ಗರಸು ಮಣ್ಣು ಹೊಡೆಯಲು ಶುರು ಮಾಡಿದ. ಗರಸಿನಿಂದ ಜಲ್ಲಿಗೆ, ಜಲ್ಲಿಯಿಂದ ಡಾಂಬರಿಗೆ ಬಡ್ತಿ ಪಡೆದು ಈಗ ಕ್ಲಾಸ್ ಟು ಕಾಂಟ್ರಾಕ್ಟರ್ ಆಗಿದ್ದಾನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕು ತಾಲ್ಲೂಕಿನಲ್ಲೂ ಅವನು ಹಾಕಿದ ರಸ್ತೆಗಳಿವೆ. ಎರಡು ಮಳೆಗಾಲ ಕಂಡರೆ ಅವು ತಾವಾಗಿಯೇ ಸಾಹಸಕ್ಕೆ ಲಾಯಕ್ಕಾಗುತ್ತವೆ ಎಂದು ನಾವು ರೇಗಿಸುತ್ತೇವೆ. ನ್ಯಾಯವಾಗಿ ಹೇಳಬೇಕೆಂದರೆ ಅವನಿಗಿಂತ ಕೆಟ್ಟದಾಗಿ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಅವರು ಕಾರಿನಲ್ಲಿ ಓಡಾಡುತ್ತಾರೆ, ಅಷ್ಟೇ ವ್ಯತ್ಯಾಸ.

ನಲವತ್ತೆಂಟನೇ ವಯಸ್ಸಿಗೆ ಶುಗರ್ ಬಂತು. ಡಾಕ್ಟರು ದಿನಾ ಬೆಳಿಗ್ಗೆ ನಡೆಯಿರಿ ಎಂದರು. ಗುರು ಅಡ್ವೆಂಚರ್ ಬೈಕು ತಗೊಂಡ. ಎತ್ತರದ ಸೀಟು, ಗುಬುಟು ಗುಬುಟಾದ ಟೈರು, ಮುಂದೆ ಕಬ್ಬಿಣದ ಗಾರ್ಡು, ಎರಡೂ ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆ. ಅದರ ಮೇಲೆ ಕೂತರೆ ಅವನ ಕಾಲಿನ ಹೆಬ್ಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. ಪೂಜೆ ಮಾಡಿಸಿ, ಟೈರಿನಡಿ ನಿಂಬೆಹಣ್ಣಿಟ್ಟು ಹೊರಟ ದಿನ ಅವನ ಹೆಂಡತಿ ಶಾಂತಲಾ, "ಕಾಲು ಎಟುಕದ್ದನ್ನ ಹುಡುಕಿ ಹುಡುಕಿ ತಂದಿದೀರಲ್ರಿ" ಎಂದಳು. ಮೊದಲ ತಿಂಗಳು ಸಿಕ್ಕಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಲೀಟರಿಗೆ ಎಷ್ಟು ಕೊಡ್ತೈತೆ?" ಗುರು ಪ್ರತಿ ಸಲ ಒಂದೊಂದು ಸುಳ್ಳು ಹೇಳುತ್ತಿದ್ದ. ನಿಜ ಹೇಳಿದ್ದರೆ ಲೆಕ್ಕ ಬರದವನೆಂದು ಚನ್ನಗಿರಿಯಲ್ಲಿ ಅವನಿಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ.

ಅವನು ತಗೊಂಡ ಅಂತ ನಾನೂ ಒಂದು ತಗೊಂಡೆ, ಸ್ವಲ್ಪ ಕುಳ್ಳಗಿನದ್ದು. ನ್ಯಾಮತಿಯ ಓಂಕಾರ್ ಸೇರಿಕೊಂಡ. ಅವನದು ಮೊಬೈಲ್ ಅಂಗಡಿ. ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿ ವಿಡಿಯೋ ಮಾಡಿ ಹಾಕುವುದು ಅವನ ಜವಾಬ್ದಾರಿ. ಭಾನುವಾರ ಬೆಳಿಗ್ಗೆ ಮೂವರೂ ತ್ಯಾವಣಿಗೆಯ ಒಂದು ಹೋಟೆಲಿನಲ್ಲಿ ಸೇರಿ, ಇಡ್ಲಿ ತಿಂದು, ಎತ್ತ ಕಡೆ ಎಂದು ಚರ್ಚೆ ಮಾಡಿ, ಕೊನೆಗೆ ಗುರು ಹೇಳಿದ ಕಡೆಗೇ ಹೋಗುತ್ತಿದ್ದೆವು.

ಮೇಗಳಹಟ್ಟಿಯನ್ನು ಕಂಡುಹಿಡಿದದ್ದೂ ಅವನೇ. ಕಂಡುಹಿಡಿದ ಎಂಬುದು ಓಂಕಾರನ ವಿಡಿಯೋದಲ್ಲಿ ಇರುವ ಮಾತು. ಹಟ್ಟಿಯವರು ಅಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಇದ್ದಾರೆ. ಜಗಳೂರು ತಾಲ್ಲೂಕಿನ ಸೊಕ್ಕೆ ದಾಟಿ, ಮೆಕ್ಕೆಜೋಳದ ಹೊಲಗಳ ನಡುವೆ ಹೋದರೆ ಒಂದು ಹಳ್ಳ ಸಿಗುತ್ತದೆ. ಹಳ್ಳಕ್ಕೆ ಸೇತುವೆ ಇಲ್ಲ. ಆಚೆ ಬದಿಯಿಂದ ಗುಡ್ಡ ಹತ್ತುವ ಮೂರು ಕಿಲೋಮೀಟರ್ ದಾರಿ, ಮೇಲೆ ಮೂವತ್ತು ಮನೆ. ದಾರಿಯಲ್ಲಿ ಎದ್ದು ನಿಂತ ಕಲ್ಲು, ಮಳೆನೀರು ಕೊರೆದ ಕೊರಕಲು, ಎರಡು ಕಡೆ ಉಸಿರು ಕಟ್ಟಿಸುವ ತಿರುವು. ಮಲೆನಾಡಿನವರಿಗೆ ತೋರಿಸಿದರೆ ಇದನ್ನೂ ಬೆಟ್ಟ ಅಂತೀರಾ ಎಂದು ನಗಬಹುದು. ಆದರೆ ಗುರು ಮೊದಲ ಸಲ ಅದನ್ನು ಹತ್ತಿ ಮೇಲೆ ಹೋಗಿ ಹೆಲ್ಮೆಟ್ ತೆಗೆದಾಗ ಅವನ ಕಣ್ಣಲ್ಲಿ ನೀರಿತ್ತು. "ಪ್ರಸನ್ನ, ಇಂಥ ರಸ್ತೆ ನಾಲ್ಕು ತಾಲ್ಲೂಕಲ್ಲಿ ಇನ್ನೊಂದಿಲ್ಲ ಕಣೋ" ಎಂದ. ಮಿಕ್ಕವುಗಳನ್ನೆಲ್ಲ ತಾನೇ ಹಾಳು ಮಾಡಿದ ದುಃಖ ಅದರಲ್ಲಿ ಇದ್ದಿರಬೇಕು.

ಅವತ್ತು ನಮ್ಮನ್ನು ಮೊದಲು ಮಾತಾಡಿಸಿದವರು ಚಿಕ್ಕಹನುಮಂತಪ್ಪ ಎಂಬ ಹಿರಿಯರು. ಗುರು ಕಲ್ಲಿನ ಮೇಲೆ ಬೈಕು ಹಾರಿಸುವಾಗ ಕಾಲಿಡುವ ಕಡ್ಡಿಯ ಮೇಲೆ ನಿಂತುಕೊಂಡೇ ಬಂದಿದ್ದ. ಅವರು ಬೈಕನ್ನು ಒಂದು ಸುತ್ತು ಹಾಕಿ ನೋಡಿ, ಸೀಟನ್ನು ಒತ್ತಿ ನೋಡಿ, "ಸೀಟು ಚಲೋನೆ ಐತಲ್ರಿ. ಮತ್ತ್ಯಾಕೆ ನಿಂತ್ಕಂಡು ಬಂದ್ರಿ?" ಎಂದರು. ಬಾಲೆನ್ಸಿನ ವಿಷಯವನ್ನು ಗುರು ವಿವರಿಸಿದ. ಅವರು ಕೊನೆತನಕ ಕೇಳಿ, "ಪಾಪ" ಎಂದರು.

ಅವರ ಹೆಂಡತಿ ಮೂಕಮ್ಮ ಹೆಸರಿಗೆ ತಕ್ಕಂತೆ ಇರಲಿಲ್ಲ. ಬಿಸಿಲಲ್ಲಿ ನಿಂತಿದ್ದ ನಮ್ಮನ್ನು ಮನೆಯೊಳಗೆ ಕರೆದರು, ಊಟ ಮಾಡಿಯೇ ಹೋಗಬೇಕು ಎಂದರು. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ಗುರು ಪಟಗಳನ್ನು ನೋಡಿದ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ, "ತ್ಯಾವಣಿಗೇಲಿ ಗಡದ್ದಾಗಿ ತಿಂದಿದೀವಿ ಅಮ್ಮ" ಎಂದ. ಇಡ್ಲಿ ಕರಗಿ ನಾಲ್ಕು ತಾಸಾಗಿತ್ತು. ಮೂಕಮ್ಮ ಒತ್ತಾಯ ಮಾಡಲಿಲ್ಲ. ಅಂಗಡಿಯ ಪ್ಯಾಕೆಟ್ಟಿನ ಬಿಸ್ಕತ್ತನ್ನು ಪ್ಯಾಕೆಟ್ಟಿನ ಸಮೇತ ತಂದಿಟ್ಟರು. ಅದನ್ನು ನಾವು ತಿಂದೆವು. ಯಾಕೆ ಪ್ಯಾಕೆಟ್ಟಿನ ಸಮೇತ ತಂದರು ಎಂದು ನನಗೆ ದಾರಿಯಲ್ಲಿ ಅರ್ಥವಾಗಿ ಮೈ ಉರಿಯಿತು. ಯಾರ ಮೇಲೆ ಉರಿಯಬೇಕು ಎಂದು ಮಾತ್ರ ತಿಳಿಯಲಿಲ್ಲ.

ಮೂರನೇ ಸಲ ಹೋದಾಗ ಶುಗರ್ ಇಳಿದು ಗುರು ಊಟ ಬೇಡ ಎನ್ನಲಿಲ್ಲ. ಜೋಳದ ರೊಟ್ಟಿ, ಹುರುಳಿಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎಲ್ಲ ಬಳಿದುಕೊಂಡು ಉಂಡ. ಆಮೇಲೆ ಪ್ರತಿ ಸಲವೂ ಉಂಡ. ಅಲ್ಲಿ ಉಂಡಿದ್ದನ್ನು ಚನ್ನಗಿರಿಯಲ್ಲಿ ಸಿಕ್ಕಿದವರಿಗೆಲ್ಲ, ಕೊರಕಲು ಹಾರಿಸಿದ್ದಕ್ಕಿಂತ ದೊಡ್ಡ ಸಾಹಸ ಎಂಬಂತೆ ಹೇಳಿಕೊಂಡು ತಿರುಗಿದ. ತಾನು ಎಂಥ ದೊಡ್ಡ ಮನಸ್ಸಿನವನು ಎಂದು ಅವನಿಗೆ ಆ ರೊಟ್ಟಿಯಿಂದಲೇ ಗೊತ್ತಾದದ್ದು.

ಬಡಿಸುತ್ತಿದ್ದವಳು ಆ ಮನೆಯ ಮಗಳು ಸಂಘಮಿತ್ರಾ. ಜಗಳೂರಿನಲ್ಲಿ ಡಿಗ್ರಿ ಮಾಡಿ ಹಟ್ಟಿಗೇ ವಾಪಸ್ ಬಂದವಳು. ಹಟ್ಟಿಯ ಹೆಂಗಸರನ್ನು ಸೇರಿಸಿ ಹಾಲಿನ ಸಂಘ ಕಟ್ಟಿದ್ದಳು. ಅವಳ ಅಣ್ಣ ಭೀಮೇಶ್ ದಿನಾ ಎರಡು ಹೊತ್ತು ಹಾಲಿನ ಕ್ಯಾನುಗಳನ್ನು ಮೊಪೆಡ್ಡಿಗೆ ಕಟ್ಟಿಕೊಂಡು, ನಾವು ಸಾಹಸ ಎನ್ನುವ ಅದೇ ದಾರಿಯಲ್ಲಿ ಇಳಿದು ಹಳ್ಳ ದಾಟಿ ಕೆಳಗಿನ ಊರಿನ ಡೈರಿಗೆ ಹಾಕಿ ಬರುತ್ತಿದ್ದ. ಕುಲುಕಿ ಕುಲುಕಿ ಅರ್ಧ ದಿನ ಹಾಲು ಒಡೆಯುತ್ತಿತ್ತು, ಅರ್ಧ ದಿನ ಚೆಲ್ಲುತ್ತಿತ್ತು.

ಒಂದು ದಿನ ರೊಟ್ಟಿ ಹಾಕುತ್ತ ಅವಳು ವಿಷಯ ಹೇಳಿದಳು. "ಡೈರಿಯೋರು ಬಂದು ನೋಡ್ಕಂಡು ಹೋಗ್ಯಾರೆ ಅಣ್ಣ. ಹಾಲಿನ ಗಾಡಿ ಹಟ್ಟಿ ತನಕ ಬರಂಗಿದ್ರೆ ಇಲ್ಲೇ ಹಾಲಿನ ಸೆಂಟರ್ ಮಾಡ್ತೀವಿ ಅಂದಾರೆ. ರಸ್ತೆ ಮಂಜೂರು ಆಗೈತೆ, ಹಳ್ಳಕ್ಕೆ ಮೋರಿನೂ ಸೇರೈತೆ. ಮಾರ್ಚ್ ಒಳಗೆ ಆಗಲಿಲ್ಲ ಅಂದ್ರೆ ದುಡ್ಡು ವಾಪಸ್ ಹೋಗ್ತೈತೆ. ಸೆಂಟರು ಬೇರೆ ಊರಿನ ಪಾಲಾಗ್ತೈತೆ."

"ಆಗುತ್ತೆ, ಆಗುತ್ತೆ" ಎಂದು ಗುರು ತಲೆ ತಗ್ಗಿಸಿ ಚಟ್ನಿ ಕಲಸಿದ.

ಅವನು ತಲೆ ತಗ್ಗಿಸಿದ್ದಕ್ಕೆ ಕಾರಣ ಮುಂದಿನ ಭಾನುವಾರ ತ್ಯಾವಣಿಗೆಯಲ್ಲಿ ಗೊತ್ತಾಯಿತು. ಮೇಗಳಹಟ್ಟಿ ರಸ್ತೆಯ ಟೆಂಡರು ಅವನಿಗೇ ಆಗಿತ್ತು. ಹಟ್ಟಿಯವರಿಗೆ ಅವನು ತನ್ನನ್ನು ಅಡಿಕೆ ವ್ಯಾಪಾರಿ ಎಂದು ಹೇಳಿಕೊಂಡಿದ್ದ. ಕಾಂಟ್ರಾಕ್ಟರ್ ಎಂದರೆ ಹಳ್ಳಿಗಳಲ್ಲಿ ಜನ ಮುತ್ತಿಕೊಳ್ಳುತ್ತಾರೆ, ಅದಕ್ಕೇ ಎಲ್ಲಿ ಹೋದರೂ ಹಾಗೇ ಹೇಳುವುದು ಅವನ ರೂಢಿ.

"ಮತ್ತೆ ಶುರು ಮಾಡು ಮಾರಾಯ" ಎಂದೆ. ಆಗಿನ್ನೂ ಜನವರಿ.

"ಮಾಡ್ತೀನಿ. ಮಾರ್ಚ್ ಮೂರನೇ ಭಾನುವಾರ ಒಂದು ದೊಡ್ಡ ರೈಡ್ ಇಟ್ಟುಕೊಳ್ಳಾಣ. ಆ ರಸ್ತೆಗೆ ಒಂದು ಮರ್ಯಾದೆ ಬ್ಯಾಡವಾ? ಕೊನೇದಾಗಿ ಒಂದು ಸಲ ಎಲ್ಲಾ ಸೇರಿ ಓಡಿಸಿ, ಸೋಮವಾರ ರೋಲರ್ ತಂದು ನಿಲ್ಲಿಸ್ತೀನಿ. ಮೂರು ಕಿಲೋಮೀಟರು ನಂಗೆ ಒಂದು ವಾರದ ಕೆಲಸ."

"ಒಂದು ವಾರದಲ್ಲಿ ಆಗಲಿಲ್ಲ ಅಂದ್ರೆ?"

"ನೀನು ಪಂಪು ಮಾರೋನು. ಪಂಪಿನ ವಿಷಯ ಮಾತಾಡು."

ನನಗೆ ಸಿಟ್ಟು ಬಂತು. ಅವನು ಹಾಕುವ ರಸ್ತೆಗಳ ವಿಷಯದಲ್ಲಿ ಅವನ ಒಂದು ವಾರ ಎಂದರೆ ಎಷ್ಟು ಎಂದು ನಾಲ್ಕೂ ತಾಲ್ಲೂಕಿನವರಿಗೆ ಗೊತ್ತು. ಮೋರಿ ಕಟ್ಟಿ ಸಿಮೆಂಟು ಒಣಗುವುದಕ್ಕೇ ವಾರ ಬೇಕು. ಅಷ್ಟು ಹೇಳಿದೆ. ಅವನು ಇನ್ನೊಂದು ಪ್ಲೇಟ್ ವಡೆ ತರಿಸಿದ. ಗುರುವಿಗೆ ಎದುರು ಮಾತಾಡಿದವರಿಗೆಲ್ಲ ವಡೆ ಸಿಗುತ್ತದೆ.

ಆಫೀಸಿನವರು ಕೇಳಿದಾಗ ಜಲ್ಲಿ ಸಿಗುತ್ತಿಲ್ಲ ಎಂದ. ಫೆಬ್ರವರಿಯಲ್ಲಿ ರೋಲರ್ ರಿಪೇರಿ ಎಂದ. ಆ ರೋಲರ್ ನ್ಯಾಮತಿಯ ಒಂದು ಕೆಲಸದಲ್ಲಿ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದುದನ್ನು ಓಂಕಾರ್ ದಿನಾ ಅಂಗಡಿ ಬಾಗಿಲಿಂದ ನೋಡುತ್ತಿದ್ದ. ಈ ನಡುವೆ ನಾವು ಮತ್ತೆ ಎರಡು ಸಲ ಹಟ್ಟಿಗೆ ಹೋದೆವು. ಊಟ ಇನ್ನೂ ಜೋರಾಯಿತು. ಒಂದು ಸಲ ಹೋಳಿಗೆ ಮಾಡಿದ್ದರು. "ಏನು ಹಬ್ಬ?" ಎಂದರೆ, "ನೀವು ಬಂದೀರಲ್ಲ" ಎಂದರು ಮೂಕಮ್ಮ. ವಾಪಸ್ ಬರುವಾಗ ಗುರು ಸೊಕ್ಕೆಯಲ್ಲಿ ಬೈಕು ನಿಲ್ಲಿಸಿ, "ಮುಗ್ಧ ಜನ ಕಣ್ರೋ. ಏನೂ ಕೇಳಲ್ಲ, ಬರೀ ಕೊಡ್ತಾರೆ" ಎಂದ.

ಮಾರ್ಚ್ ಮೊದಲ ವಾರ ಓಂಕಾರ್ ವಿಡಿಯೋ ಹಾಕಿದ. ಕ್ಯಾಮೆರಾ ಎದುರಿಗೆ ಗುರು ತನ್ನ ಮಾತು ಬಿಟ್ಟು ಬೆಂಗಳೂರು ಮಾತು ಆಡುತ್ತಾನೆ. "ಸ್ನೇಹಿತರೇ, ನೋಡಿ ಈ ಕಲ್ಲು, ಈ ಕೊರಕಲು. ಇದು ರಸ್ತೆ ಅಲ್ಲ, ವರ. ಇನ್ನು ಕೆಲವೇ ದಿನಗಳಲ್ಲಿ ಇಲ್ಲಿಗೂ ಡಾಂಬರು ಬರುತ್ತದೆ. ಈ ಕಲ್ಲುಗಳು ಇರುವ ತನಕ ಮಾತ್ರ ಇಲ್ಲಿ ಮಜಾ. ಈ ರಸ್ತೆ ಸಾಯುವ ಮುಂಚೆ ಒಮ್ಮೆ ಬನ್ನಿ. ಮೂರನೇ ಭಾನುವಾರ." ಕೆಳಗೆ ಕೈಮುಗಿದ, ಕಣ್ಣೀರಿನ, ಬೆಂಕಿಯ ಚಿತ್ರಗಳ ಸುರಿಮಳೆಯಾಯಿತು. ಶಾಂತಲಾ ಒಬ್ಬಳೇ ಅದನ್ನು ಪೂರ್ತಿ ನೋಡಿ, "ಡಾಂಬರು ಹಾಕೋರು ಯಾರು ಅಂತ ಹೇಳಲೇ ಇಲ್ಲವಲ್ಲ" ಎಂದಳಂತೆ.

ಮೂರನೇ ಭಾನುವಾರ ಬಂತು. ತ್ಯಾವಣಿಗೆಯಲ್ಲಿ ಹದಿನೈದು ಬೈಕು ಸೇರಿದವು. ಒಬ್ಬರು ದಂತವೈದ್ಯರು, ಒಬ್ಬರು ಕಾಲೇಜು ಮೇಷ್ಟ್ರು, ಮಿಕ್ಕವರು ಹೆಚ್ಚಾಗಿ ಅಡಿಕೆಯವರು. ಎಲ್ಲರಿಗೂ ಮೊಣಕಾಲಿಗೆ ಚಿಪ್ಪು, ಎದೆಗೆ ಕವಚ. ಹೋಟೆಲಿನವನು ಇಡ್ಲಿ ಸಾಲದೆ ಪರದಾಡಿದ. ಗುರು ಮುಂದೆ, ನಾವು ಹಿಂದೆ. ಸೊಕ್ಕೆ ದಾಟಿ, ಹಳ್ಳ ಇಳಿದು ಹತ್ತಿ, ಗುಡ್ಡದ ಬುಡಕ್ಕೆ ಬಂದು ಗುರು ಬ್ರೇಕ್ ಹಾಕಿದ.

ರಸ್ತೆ ಇರಲಿಲ್ಲ. ಅಂದರೆ ರಸ್ತೆ ಇತ್ತು, ಕಲ್ಲುಗಳು ಇರಲಿಲ್ಲ. ಎದ್ದು ನಿಂತಿದ್ದ ಒಂದೊಂದು ಕಲ್ಲನ್ನೂ ಕಿತ್ತು ಬದಿಗೆ ಸಾಲಾಗಿ ಇಟ್ಟಿದ್ದರು. ಕೊರಕಲುಗಳಿಗೆಲ್ಲ ಗರಸು ತುಂಬಿತ್ತು. ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಅಂಗಳದ ಹಾಗೆ ಮಾಡಿಟ್ಟಿದ್ದರು. ಕಣ್ಣು ಹಾಯುವಷ್ಟು ದೂರ ಕೆಂಪಗೆ, ನುಣ್ಣಗೆ.

"ಥೂ, ಹಾಳು ಮಾಡಿಬಿಟ್ಟಾರಲ್ರೀ!" ಎಂದರು ದಂತವೈದ್ಯರು. ನನಗೆ ಗೊತ್ತಿರುವಂತೆ ನಮ್ಮ ಜಿಲ್ಲೆಯಲ್ಲಿ ರಸ್ತೆ ಚೆನ್ನಾಗಿದೆ ಎಂದು ಹದಿನೈದು ಜನ ಒಟ್ಟಿಗೆ ಬೈದದ್ದು ಅದೇ ಮೊದಲು.

ಗುರು ಹೆಲ್ಮೆಟ್ ತೆಗೆದು ಬಹಳ ಹೊತ್ತು ನೋಡಿದ. ಆಮೇಲೆ ಅವನಿಗೆ ಅರ್ಥವಾಯಿತು, ಅಂದರೆ ಅರ್ಥವಾಯಿತು ಎಂದುಕೊಂಡ. "ನಮಗೋಸ್ಕರ ಮಾಡ್ಯಾರೆ ಕಣ್ರೋ. ನಾವು ಬರ್ತೀವಿ ಅಂತ ವಿಡಿಯೋದಲ್ಲಿ ನೋಡ್ಯಾರೆ. ದೊಡ್ಡೋರು ಬರ್ತಾರೆ, ಬೀಳಬಾರದು ಅಂತ ಪಾಪ ಇಡೀ ಹಟ್ಟಿ ಬೆವರು ಸುರಿಸೈತೆ. ಏನು ಹೇಳಾಕೆ ಆಗುತ್ತೆ ಇಂಥ ಜನಕ್ಕೆ?" ಓಂಕಾರ್ ಕ್ಯಾಮೆರಾ ಆನ್ ಮಾಡಿದ. ಗುರು ಬೆಂಗಳೂರು ಮಾತಿನಲ್ಲಿ ಹಟ್ಟಿಯವರಿಗೆ ಧನ್ಯವಾದ ಹೇಳಿದ. ಹೇಳುವಾಗ ಅವನ ಮುಖ ಹೆಣದ ಮುಂದೆ ನಿಂತವನಂತೆ ಇತ್ತು.

ಬಂದದ್ದಾಯಿತು, ಹತ್ತಲೇಬೇಕು. ಗುರು ಕಡ್ಡಿಯ ಮೇಲೆ ನಿಂತ. ನುಣ್ಣನೆಯ ದಾರಿಯಲ್ಲಿ ನಿಲ್ಲುವ ಅಗತ್ಯವೇ ಇರಲಿಲ್ಲ, ಆದರೂ ನಿಂತ. ಕಲ್ಲಿದ್ದಾಗ ಎರಡನೇ ಗೇರಿನಲ್ಲಿ ಎಚ್ಚರದಿಂದ ಹತ್ತುತ್ತಿದ್ದವನು ಈಗ ದುಃಖಕ್ಕೋ ಸಿಟ್ಟಿಗೋ ನಾಲ್ಕನೇ ಗೇರಿಗೆ ಹಾಕಿ ಬಿಟ್ಟ. ಎರಡನೇ ತಿರುವಿನಲ್ಲಿ ಗರಸು ಮೊಣಕಾಲುದ್ದ ತುಂಬಿತ್ತು. ತುಳಿದು ಗಟ್ಟಿ ಮಾಡಿರಲಿಲ್ಲ. ರೋಲರ್ ಇಲ್ಲದೆ ಗರಸು ಕೂರುವುದಿಲ್ಲ ಎಂಬುದು ನಮ್ಮ ಪೈಕಿ ಅವನೊಬ್ಬನಿಗೇ ಚೆನ್ನಾಗಿ ಗೊತ್ತಿದ್ದ ವಿಷಯ. ಮುಂದಿನ ಚಕ್ರ ಸರ್ರನೆ ಹೂತುಕೊಂಡಿತು. ಬೈಕು ಅಡ್ಡ ಬಿತ್ತು, ಗುರು ಅದರ ಕೆಳಗೆ ಬಿದ್ದ. ಐದು ತಿಂಗಳು ಅಷ್ಟೆಲ್ಲ ಕಲ್ಲಿನ ಮೇಲೆ ಒಂದು ಸಲವೂ ಬೀಳದವನು ಒಳ್ಳೆಯ ರಸ್ತೆಯಲ್ಲಿ ಬಿದ್ದ.

ಬೈಕು ಎತ್ತಿದಾಗ ಅವನ ಎಡಗಾಲು ಮೊಣಕಾಲಿನ ಕೆಳಗೆ ಸೊಟ್ಟಗಾಗಿತ್ತು. ಎರಡೂ ಅಂಗೈ ಸುಲಿದು ರಕ್ತ. ಅವನು ಮಗುವಿನ ಹಾಗೆ ಅತ್ತ. ನನಗೂ ಅಳು ಬಂತು, ಎಷ್ಟಾದರೂ ನನ್ನ ಗುರು. ದಂತವೈದ್ಯರು ತಮ್ಮದು ಹಲ್ಲಿನ ವಿಭಾಗ ಎಂದು ನೆನಪಿಸಿ, ಆದರೂ ಎರಡು ಕೋಲು ಕಟ್ಟಿ ಕಾಲು ಅಲುಗದಂತೆ ಮಾಡಿದರು. ಆಂಬುಲೆನ್ಸಿಗೆ ಫೋನು ಮಾಡಿದರೆ, ಜಗಳೂರಿನಿಂದ ಬರುತ್ತದೆ, ಆದರೆ ಹಳ್ಳದ ಈಚೆಗೆ ದಾಟುವುದಿಲ್ಲ, ನೀವೇ ಅಲ್ಲಿತನಕ ತನ್ನಿ ಎಂದರು. ದಾಟಬೇಕೆಂದರೆ ಮೋರಿ ಬೇಕಿತ್ತು.

ಅಷ್ಟರಲ್ಲಿ ಮೇಲಿನಿಂದ ಹಟ್ಟಿಯವರು ಓಡಿ ಬಂದರು. ಭೀಮೇಶ್ ಹಗ್ಗ ಹೆಣೆದ ಹೊರಸು ಮಂಚ ತಂದ. ಗುರುವನ್ನು ಅದರ ಮೇಲೆ ಮಲಗಿಸಿ ನಾಲ್ಕು ಜನ ಹೆಗಲು ಕೊಟ್ಟು ಹಳ್ಳದ ಕಡೆಗೆ ಇಳಿದರು. ಮೂಕಮ್ಮ ಪಕ್ಕದಲ್ಲೇ ನಡೆಯುತ್ತ ಅವನ ಮುಖಕ್ಕೆ ಸೆರಗಿನ ನೆರಳು ಹಿಡಿದರು. ಸಂಘಮಿತ್ರಾ ನೀರಿನ ಬಾಟಲಿ ಹಿಡಿದು ಮುಂದೆ. ನಾನು ಮತ್ತು ಓಂಕಾರ್ ಹಿಂದೆ. ಮಿಕ್ಕ ಸಾಹಸಿಗಳು ಹೆಲ್ಮೆಟ್ ಕೈಲಿ ಹಿಡಿದು, ಇಡೀ ಹಟ್ಟಿಯ ಜನದ ಜೊತೆ ಮೆರವಣಿಗೆ ಬಂದರು.

ಗುಡ್ಡದ ಅರ್ಧದಲ್ಲಿ ಒಂದು ಹುಣಸೆಮರ. ಅಲ್ಲಿ ಹೊರಸು ಇಳಿಸಿದರು.

"ಯಾಕ್ರೋ?" ಎಂದ ಗುರು, ಹಲ್ಲು ಕಚ್ಚಿಕೊಂಡು.

"ಹೆಗಲು ಬದಲಿಸಾಕೆ ಅಣ್ಣ" ಎಂದ ಭೀಮೇಶ್.

"ಇಲ್ಲಿ ಬಿಟ್ರೆ ಹಳ್ಳದ ತನಕ ನೆಟ್‌ವರ್ಕ್ ಸಿಗಲ್ಲ ಅಣ್ಣ. ಮನಿಯೋರಿಗೆ ಹೇಳೋದಿದ್ರೆ ಇಲ್ಲೇ ಹೇಳಿಬಿಡ್ರಿ" ಎಂದಳು ಸಂಘಮಿತ್ರಾ. "ಆಂಬುಲೆನ್ಸು ಇನ್ನಾ ಸೊಕ್ಕೆಗೂ ಬಂದಿಲ್ಲ. ಗಾಬರಿ ಬ್ಯಾಡ."

ಅವನ ಅಂಗೈ ಸುಲಿದಿತ್ತಲ್ಲ, ನಾನೇ ಶಾಂತಲಾಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟೆ. ಶಾಂತಲಾ ಅತ್ತಳು, ಬೈದಳು, ಹೊರಟೆ ಎಂದಳು. ಫೋನು ಇಟ್ಟೆ. ಹೊರಸು ಎತ್ತುತ್ತಾರೆ ಎಂದು ಕಾದೆವು. ಭೀಮೇಶ್ ಮರದ ಬೊಡ್ಡೆಗೆ ಒರಗಿ ಕೂತ. ಮಿಕ್ಕ ಮೂವರೂ ಕೂತರು.

"ಇನ್ನೊಂದು ಫೋನು ಐತಲ್ಲ ಅಣ್ಣ" ಎಂದಳು ಸಂಘಮಿತ್ರಾ.

"ಯಾರಿಗಮ್ಮ?"

"ರೋಲರಿಗೆ."

ಗುರು ನನ್ನ ಮುಖ ನೋಡಿದ. ನಾನು ಹುಣಸೆಮರ ನೋಡಿದೆ. "ಯಾವ ರೋಲರು? ನಾನು ಅಡಿಕೆ..." ಎಂದು ಶುರು ಮಾಡಿದ.

"ನೀವೇ ಕಾಂಟ್ರಾಕ್ಟರ್ ಅಂತ ಸಂಕ್ರಾಂತಿಯಿಂದ ಗೊತ್ತೈತೆ ಅಣ್ಣ" ಎಂದಳು, ಪಲ್ಯ ಬೇಕೇ ಎಂದು ಕೇಳುವ ದನಿಯಲ್ಲೇ. "ಕೆಲಸ ಯಾಕೆ ಶುರು ಆಗಿಲ್ಲ ಅಂತ ಕೇಳಾಕೆ ಆಫೀಸಿಗೆ ಹೋಗಿದ್ದೆ. ಹೆಸರು ಹೇಳಿದ್ರು. ವಿಡಿಯೋದಾಗೆ ನಿಮ್ಮ ಹೆಸರು ದಿನಾ ಬರ್ತೈತಲ್ಲ."

"ಮತ್ತೆ... ಒಂದು ಮಾತು ಕೇಳಲಿಲ್ಲ ನೀವು?"

ಇದಕ್ಕೆ ಮೂಕಮ್ಮ ಉತ್ತರ ಕೊಟ್ಟರು. "ಮನಿಗೆ ಬಂದೋರ ಕೂಡೆ ಕೆಲಸದ ಮಾತು ಹೆಂಗಪ್ಪ ಆಡೋದು? ನಮ್ಮಲ್ಲಿ ಹಂಗೆ ಕೇಳಲ್ಲ. ಉಣ್ಣಾಕೆ ಇಟ್ರೆ ಉಂಡೋರೇ ತಿಳ್ಕಂತಾರೆ. ರೊಟ್ಟಿ ಇಟ್ವಿ, ನೀನು ತಿಳ್ಕಳ್ಳಲಿಲ್ಲ. ಹೋಳಿಗೆ ಇಟ್ವಿ, ಅದಕ್ಕೂ ತಿಳ್ಕಳ್ಳಲಿಲ್ಲ. ನಿಂಗೆ ಸಕ್ಕರೆ ಕಾಯಿಲೆ ಬ್ಯಾರೆ. ಇನ್ನೇನು ಇಡಾಣ?"

ಗುರು ಕಣ್ಣು ಮುಚ್ಚಿಕೊಂಡ. ನನಗೆ ಆ ಹೋಳಿಗೆಯ ರುಚಿ ಬಾಯಿಗೆ ಬಂದಂತಾಗಿ, ಎಲ್ಲಿಗಾದರೂ ಓಡಿಹೋಗೋಣ ಅನ್ನಿಸಿತು. ನಾನೂ ನಾಲ್ಕು ತಿಂದಿದ್ದೆ.

"ಆಮೇಲೆ ನಿಮ್ಮ ವಿಡಿಯೋ ನೋಡಿದ್ವಿ" ಎಂದಳು ಸಂಘಮಿತ್ರಾ. "ಕಲ್ಲು ಇರೋ ತನಕ ಮಜಾ ಅಂದ್ರಿ. ಓ, ನಮ್ಮ ರಸ್ತೆ ಆಗದೆ ಇರೋದು ಇದಕ್ಕಾ ಅಂತ ಆವಾಗ ಗೊತ್ತಾತು. ಹಂಗಾದ್ರೆ ಕಲ್ಲೇ ಇಲ್ಲದಂಗೆ ಮಾಡಿದ್ರೆ? ಮಜಾ ಹೋದ್ರೆ ರಸ್ತೆ ಹಾಕಾಕೆ ನಿಮಗೂ ಬ್ಯಾಸರ ಆಗಲ್ಲ ಅಂತ ಹಟ್ಟಿ ಹೆಂಗಸರೆಲ್ಲ ಸೇರಿ ಕಿತ್ತು ಹಾಕಿದ್ವಿ. ಮಳೆ ಬಂದ್ರೆ ಗರಸೆಲ್ಲ ಕೊಚ್ಚಿಕ್ಯಂಡು ಹೋಗ್ತೈತೆ, ಅದು ನಮಗೂ ಗೊತ್ತು. ಹಾಲಿನ ಗಾಡಿ ಇದರ ಮ್ಯಾಲೆ ಬರಲ್ಲ. ನಿಮ್ಮ ಭಾನುವಾರ ಒಂದು ಹಾಳಾದ್ರೆ ಸಾಕಿತ್ತು. ನೀವು ಬೀಳ್ತೀರಿ ಅಂತ ಅನ್ಕಂಡಿರಲಿಲ್ಲ, ನಮ್ಮವ್ವನಾಣೆ."

ಅವಳ ಕಣ್ಣು ತುಂಬಿತ್ತು. ಸುಳ್ಳು ಹೇಳುವವಳಲ್ಲ. ಆದರೆ ಅವಳೂ ಏಳಲಿಲ್ಲ, ಹೊರಸಿನ ಪಕ್ಕದ ಕಲ್ಲಿನ ಮೇಲೆ ಕೂತಳು.

"ಅವಸರ ಇಲ್ಲ ಅಣ್ಣ. ಮಾತಾಡ್ರಿ. ನಾವು ಕುಂತಿರ್ತೀವಿ."

ಮೂಕಮ್ಮ ಮಾತ್ರ ನಿಂತೇ ಇದ್ದರು, ಸೆರಗಿನ ನೆರಳು ಅವನ ಮುಖದ ಮೇಲಿಂದ ಸರಿಯದಂತೆ ಹಿಡಿದು.

ಗುರು ನನ್ನತ್ತ ತಿರುಗಿ, ಫೋನು ಹಚ್ಚು ಎಂಬಂತೆ ಗದ್ದ ಎತ್ತಿದ. ಅವನ ಸೂಪರ್‌ವೈಸರ್ ಸಿದ್ದಲಿಂಗೇಶನ ನಂಬರು ಹಚ್ಚಿದೆ. ಸ್ಪೀಕರ್ ಇನ್ನೂ ಆನ್ ಇತ್ತು. ಅದನ್ನು ಆಫ್ ಮಾಡಬೇಕು ಅನ್ನುವುದು ನನಗೆ ಹೊಳೆಯಲಿಲ್ಲ, ಅಥವಾ ಹೊಳೆದರೂ ಕೈ ಹೋಗಲಿಲ್ಲ.

"ಸಿದ್ದು, ರೋಲರು ಎಲ್ಲೈತೆ?"

"ನ್ಯಾಮತಿ ಸೈಟಲ್ಲೈತೆ ಸಾರ್."

"ಇವತ್ತೇ ಲಾರಿ ಮೇಲೆ ಹಾಕು. ಜೆಸಿಬಿನೂ ಕಳಿಸು. ನಾಳೆ ಬೆಳಗಾಗೋದ್ರೊಳಗೆ ಮೇಗಳಹಟ್ಟಿ ಹಳ್ಳದ ಹತ್ರ ಇರಬೇಕು. ಮೊದಲು ಮೋರಿ ಶುರು ಮಾಡು."

ಆ ಕಡೆಯಿಂದ ಸಿದ್ದಲಿಂಗೇಶನ ದನಿ ಇಡೀ ಗುಡ್ಡಕ್ಕೆ ಕೇಳುವ ಹಾಗೆ ಬಂತು.

"ಅಲ್ಲ ಸಾರ್, ನೀವೇ ಅಲ್ವಾ ಹೇಳಿದ್ದು? ರೈಡ್ ಮುಗಿಯೋ ತನಕ ಆ ರಸ್ತೆಗೆ ಒಂದು ಬಾಂಡ್ಲಿ ಮಣ್ಣೂ ಬೀಳಬಾರದು ಅಂತ? ಹಟ್ಟಿಯೋರು ಇನ್ನೊಂದು ವಾರ ಕಾದ್ರೆ ಏನು ಸಾಯಲ್ಲ ಅಂತ?"

ಹುಣಸೆಮರದ ಕೆಳಗೆ ಮೂವತ್ತು ಮನೆಯ ಜನ ಇದ್ದರು. ಎಲ್ಲರಿಗೂ ಕೇಳಿಸಿತು. ಚಿಕ್ಕಹನುಮಂತಪ್ಪನವರು ನೆಲ ನೋಡುತ್ತ ನಿಂತಿದ್ದರು. ಮೂಕಮ್ಮನ ಸೆರಗು ಜಾರಿ ಬಿಸಿಲು ಗುರುವಿನ ಮುಖಕ್ಕೆ ಬಿತ್ತು. ಅವರು ಅದನ್ನು ಮತ್ತೆ ಸರಿ ಮಾಡಿ ಹಿಡಿದರು.

ಗುರುಬಸವರಾಜ್ ಆ ಸೆರಗನ್ನೇ ನೋಡುತ್ತಿದ್ದ.

"ಮುಗೀತು ಕಣೋ ರೈಡು" ಎಂದ ಫೋನಿಗೆ.

ಸಂಘಮಿತ್ರಾ ಎದ್ದು ಕೈ ಒರೆಸಿಕೊಂಡಳು. "ಎತ್ರಪ್ಪ, ಮೆಲ್ಲಕೆ. ಕಾಲು ನೋವಾದೀತು" ಎಂದಳು. ನಾಲ್ಕು ಹೆಗಲು ಹೊರಸಿನ ಕೆಳಗೆ ಬಂದವು.